ಅಮ್ಮನ ಕೋಣೆಯ ಕಡತ

ಬುಧವಾರ ಬೆಳಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರನ್ನು ಇನ್‌ಸ್ಪೆಕ್ಟರು ಒಮ್ಮೆ ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಕಳುವಾಗಿದ್ದು ಒಡವೆಯಲ್ಲ, ವಾಹನವಲ್ಲ. ಅರವತ್ತು ವರ್ಷಗಳ ಹಿಂದೆ ಒಂದು ಮನೆಗೆ ಪರದೆ, ಕುರ್ಚಿ, ಜಮಖಾನೆ ಕೊಂಡಾಗಿನ ಕಾಗದಗಳ ಒಂದು ಕಟ್ಟು.

"ಹಳೇ ರಸೀತಿಗೆಲ್ಲ ಎಫ್‌ಐಆರ್ ಹಾಕ್ಬೇಕಾ ಸಾರ್?" ಎಂದು ದಫೇದಾರ ಬಗ್ಗಿ ಪಿಸುಗುಟ್ಟಿದ. ಅವನ ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಪಿಸುಮಾತು ಎದುರಿಗೆ ಕೂತಿದ್ದ ದೂರುದಾರರಿಗೂ ಚೆನ್ನಾಗಿಯೇ ಕೇಳಿಸಿತು.

"ರಸೀತಿ ಅಲ್ಲ, ಅದು ನಮ್ಮ ಮನೆತನದ ದಾಖಲೆ" ಎಂದರು ಅವರು, ಮುಖ ಗಂಟಿಕ್ಕಿಕೊಂಡು.

ದೂರುದಾರರು ಗಾಜಿನ ಕಾರ್ಖಾನೆಯ ಹಳೆಯ ಯಜಮಾನರ ಮಗ. ವಯಸ್ಸು ಅರವತ್ತು ದಾಟಿದ್ದರೂ ಊರಿಗೆ ಇನ್ನೂ ಚಿಕ್ಕ ಯಜಮಾನರೇ. ಅಪ್ಪನ ದೊಡ್ಡ ಮನೆಯನ್ನು ಒಂದು ಟ್ರಸ್ಟಿಗೆ ಬರೆದುಕೊಟ್ಟು, ತಾವೇ ಅದರ ಕಾರ್ಯದರ್ಶಿಯಾಗಿ, ಬರುವ ತಿಂಗಳು ಅದನ್ನು ಸಾರ್ವಜನಿಕರಿಗೆ ತೆರೆಯಲು ಹೊರಟಿದ್ದರು. ಅಪ್ಪ ಮನೆ ಕಟ್ಟಿಸಿದ ಹೊಸತರಲ್ಲಿ ಹೇಗೆ ಸಜ್ಜುಗೊಳಿಸಿದ್ದರೋ ಮನೆ ಹಾಗೆಯೇ ಕಾಣಬೇಕು. ಅಪ್ಪ ಒಂದು ಚೂರು ಕಾಗದವನ್ನೂ ಎಸೆದವರಲ್ಲ. ಅಂಗಡಿಗಳ ಪತ್ರ, ಬಡಗಿಯ ಅಳತೆ, ಬಟ್ಟೆಯ ನಮೂನೆ, ಎಲ್ಲವನ್ನೂ ಕೋಣೆಗೊಂದು ಕಟ್ಟು ಮಾಡಿ, ರಟ್ಟಿನ ಹೊದಿಕೆ ಹಾಕಿ ಇಟ್ಟಿದ್ದರು.

"ಕಾಗದದಲ್ಲಿ ಏನಿದೆಯೋ ಅದೇ ಗೋಡೆ ಮೇಲೆ, ಅದೇ ಕಿಟಕಿ ಮೇಲೆ. ಒಂದು ಗುಂಡಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ" ಎಂದರು ಚಿಕ್ಕ ಯಜಮಾನರು.

"ಕಳುವಾದ ಕಟ್ಟು ಯಾವ ಕೋಣೇದು?"

"ಅಮ್ಮನ ಕೋಣೇದು. ಮಹಡಿ ಮೇಲಿದೆ. ಅದೇ ಕೊನೇ ಕೆಲಸ."

"ಗೊತ್ತಾಗಿದ್ದು ಯಾವಾಗ?"

"ಹದಿನೈದು ದಿನದ ಹಿಂದೆ."

"ದೂರು ಇವತ್ತು ಯಾಕೆ?"

"ಮನೆಯೊಳಗೇ ಹುಡುಕಿದ್ವಿ. ಮರ್ಯಾದೆ ಪ್ರಶ್ನೆ ನೋಡಿ."

"ಯಾರ ಮೇಲಾದ್ರೂ ಅನುಮಾನ?"

"ಗುಮಾಸ್ತನ ಮೇಲೆ. ಬೀರುವಿನ ಬೀಗದ ಕೈ ಇದ್ದದ್ದು ಅವನ ಹತ್ರ ಮಾತ್ರ. ಕೆಲಸದಿಂದ ನಿಲ್ಸಿದೀನಿ. ಹಳೇ ಕಾಗದ ಕೊಳ್ಳೋ ಹುಚ್ಚರು ಬೇಕಾದಷ್ಟು ಜನ ಇದಾರೆ. ಒಳಗೆ ಹಾಕಿ ಎರಡು ಬಿಗೀರಿ, ಬಾಯಿ ಬಿಡ್ತಾನೆ."

"ಒಳಗೆ ಹಾಕೋ ಚಿಂತೆ ನಮಗೆ ಬಿಡಿ" ಎಂದು ಇನ್‌ಸ್ಪೆಕ್ಟರು ದೂರಿನ ಪ್ರತಿಗೆ ಸಹಿ ಹಾಕಿಸಿಕೊಂಡರು. ಕಳವಿನ ಕಲಂ ಹಾಕಿ ಎಫ್‌ಐಆರ್ ದಾಖಲಾಯಿತು. ಪರದೆಯ ಮಾತೆತ್ತಿದರೇ ಇನ್‌ಸ್ಪೆಕ್ಟರಿಗೆ ಈಚೆಗೆ ತಲೆನೋವು. ಅವರ ಹೆಂಡತಿ ತಿಂಗಳಿಂದ ಮನೆಗೆ ಪರದೆ ಆರಿಸುತ್ತಿದ್ದರು. ಊಟದ ಮೇಜಿನ ಮೇಲೆ ಅಂಗಡಿಯ ನಮೂನೆ ತುಂಡುಗಳು ಹರಡಿಕೊಂಡು ತಟ್ಟೆ ಇಡಲೂ ಜಾಗವಿರಲಿಲ್ಲ. 'ಯಾವುದಾದ್ರೂ ಹಾಕು ಮಾರಾಯ್ತಿ, ಬಿಸಿಲು ತಡೆದ್ರೆ ಸಾಕು' ಎಂದು ಅವರು ದಿನಾ ಹೇಳುತ್ತಿದ್ದರು.

ಮಧ್ಯಾಹ್ನ ಸ್ಥಳ ಪಂಚನಾಮೆ. ದಫೇದಾರ, ಮಹಿಳಾ ಪೇದೆ, ಇಬ್ಬರು ಪಂಚರೊಂದಿಗೆ ಇನ್‌ಸ್ಪೆಕ್ಟರು ದೊಡ್ಡ ಮನೆಯ ಮೆಟ್ಟಿಲು ಹತ್ತಿದರು. ಒಳಗೆಲ್ಲ ಕಂದು. ಹಜಾರದ ಪರದೆ ಕಂದು, ಊಟದ ಕೋಣೆಯ ಕುರ್ಚಿಯ ಚರ್ಮ ಕಂದು, ನೆಲದ ಜಮಖಾನೆ ಕಂದಿಗೆ ಹತ್ತಿರದ ಕೆಂಪು. ಎಲ್ಲವೂ ಬೆಲೆಬಾಳುವಂಥದ್ದು, ಎಲ್ಲವೂ ಗಟ್ಟಿ. ಆದರೂ ಸ್ವಲ್ಪ ಹೊತ್ತು ನಿಂತರೆ ಕಿಟಕಿ ತೆಗೆಯೋಣ ಅನ್ನಿಸುತ್ತಿತ್ತು.

"ಕಾಫಿ ಡಬ್ಬಿ ಒಳಗೆ ಬಿದ್ದ ಹಾಗಿದೆ" ಎಂದ ದಫೇದಾರ. ಮಹಿಳಾ ಪೇದೆ ನಗು ತಡೆಯಲು ಕೆಮ್ಮಿದಳು.

ಕಾಗದದ ಬೀರುವಿನ ಬೀಗ ಒಡೆದಿರಲಿಲ್ಲ, ಉಜ್ಜಿದ ಗುರುತೂ ಇರಲಿಲ್ಲ. ಅಮ್ಮನ ಕೋಣೆಯ ಕಟ್ಟಿನ ಜಾಗದಲ್ಲಿ ರಟ್ಟಿನ ಹೊದಿಕೆ ಹಾಗೇ ಇತ್ತು. ಒಳಗೆ ಮಾತ್ರ ಕಾಗದದ ಬದಲು ಹಳೆಯ ದಿನಪತ್ರಿಕೆ ಮಡಿಸಿ ತುರುಕಿದ್ದರು. ಹೊರಗಿನಿಂದ ನೋಡಿದವರಿಗೆ ಕಟ್ಟು ತುಂಬಿಯೇ ಕಾಣಬೇಕು. ಇನ್‌ಸ್ಪೆಕ್ಟರು ಹೊದಿಕೆಯನ್ನು ಕಿಟಕಿಯ ಬಳಿ ತಂದು ಬಿಡಿಸಿದರು. ಒಳಮೈಯಲ್ಲಿ ಎರಡು ಗುಂಡುಸೂಜಿಗಳ ತುಕ್ಕು ಅಚ್ಚಾಗಿತ್ತು. ಒಂದರ ಮೇಲೊಂದು ಅಡ್ಡವಾಗಿ ಚುಚ್ಚಿದ ಸೂಜಿಗಳು.

ಬೇರೆ ಕಟ್ಟುಗಳನ್ನೂ ತೆಗೆಸಿ ನೋಡಿದರು. ಅವುಗಳಲ್ಲೂ ಬಟ್ಟೆಯ ನಮೂನೆಗಳಿದ್ದವು. ಆದರೆ ಪ್ರತಿಯೊಂದಕ್ಕೂ ಅಂಗಡಿಯವರು ಒಂದೇ ಸೂಜಿ ಹಾಕಿದ್ದರು. ಅಮ್ಮನ ಕೋಣೆಯ ನಮೂನೆಯನ್ನು ಮಾತ್ರ ಯಾರೋ ಬೀಳಬಾರದೆಂದು ಎರಡೆರಡು ಸೂಜಿ ಚುಚ್ಚಿ ಇಟ್ಟಿದ್ದರು. ಇನ್‌ಸ್ಪೆಕ್ಟರು ಹೊದಿಕೆಯನ್ನು ಜಪ್ತಿ ಮಾಡಿ ಪಂಚನಾಮೆಗೆ ಬರೆಸಿದರು.

ಆಮೇಲೆ ಅಮ್ಮನ ಕೋಣೆ. ಗೋಡೆಗೆ ಹೊಸ ಸುಣ್ಣ ಬಿದ್ದಿತ್ತು. ನಡುವೆ ಒಂದು ಕುರ್ಚಿ ಬಿಟ್ಟರೆ ಬೇರೇನಿಲ್ಲ.

"ಅಮ್ಮ ತೀರಿಕೊಂಡಾಗ ನಂಗೆ ಮೂರು ವರ್ಷ" ಎಂದರು ಚಿಕ್ಕ ಯಜಮಾನರು. "ಆಮೇಲೆ ಅಪ್ಪ ಈ ಕೋಣೆ ಬರಿದು ಮಾಡಿ ಬೀಗ ಹಾಕಿಸಿದ್ರು. ಹೇಗಿತ್ತು ಅಂತ ನಂಗೆ ನೆನಪಿಲ್ಲ. ಅಕ್ಕನಿಗಿದೆ. ಆಗ ಅವಳಿಗೆ ಹನ್ನೊಂದು. ಕಾಗದ ಸಿಗದಿದ್ರೆ ಅಕ್ಕ ಹೇಳಿದ ಹಾಗೆ ಮಾಡೋದು ಅಂತ ಟ್ರಸ್ಟಿನ ಸಮಿತಿ ತೀರ್ಮಾನ ಮಾಡ್ತು."

"ಏನು ಹೇಳಿದ್ರು ಅಕ್ಕ?"

"ಹಳದಿ ಪರದೆ ಅಂತೆ. ಸಣ್ಣ ಬಿಳಿ ಹೂವಿನದು. ಹೊಲಿಯೋಕೆ ಕೊಟ್ಟಾಗಿದೆ." ಮಾತು ಮುಗಿಯುವಾಗ ಅವರ ಮೂಗು ಸ್ವಲ್ಪ ಮೇಲಕ್ಕೆ ಹೋಯಿತು. ಹಳದಿ ಅವರಿಗೆ ಅಷ್ಟು ಹಿಡಿಸಿದಂತಿರಲಿಲ್ಲ.

ಇನ್‌ಸ್ಪೆಕ್ಟರು ಕಿಟಕಿಯ ಮೇಲಿನ ಮರದ ಪಟ್ಟಿಯನ್ನು ನೋಡುತ್ತ ನಿಂತರು. ಅರವತ್ತು ವರ್ಷದ ಮರ, ಹಳೆಯ ಮೊಳೆಗಳು. ಏಣಿ ತರಿಸಿ ದಫೇದಾರನನ್ನು ಹತ್ತಿಸಿದರು. ದಫೇದಾರನ ಹೊಟ್ಟೆಗೆ ಏಣಿ ಒಗ್ಗಲಿಲ್ಲ. ಅದು ಕಿರುಗುಟ್ಟಿದಾಗಲೆಲ್ಲ ಅವನು ಗೋಡೆಯನ್ನು ಅಪ್ಪಿಕೊಳ್ಳುತ್ತಿದ್ದ.

"ಮೊಳೆ ತಲೆ ಕೆಳಗೆ ದಾರ ಸಿಕ್ಕೊಂಡಿದೆ ಸಾರ್."

"ಯಾವ ಬಣ್ಣ?"

"ಇನ್ಯಾವುದು? ಈ ಮನೇದೇ. ಕಂದು."

ಎಲ್ಲ ಮೊಳೆಗಳನ್ನೂ ನೋಡಿಸಿದರು. ಎಳೆ ಸಿಕ್ಕಿದಲ್ಲೆಲ್ಲ ಕಂದು. ಹಳದಿ ಒಂದೆಳೆಯೂ ಇಲ್ಲ.

ಸಂಜೆ ಗುಮಾಸ್ತ ಠಾಣೆಗೆ ಬಂದ. ಸದಾ ಬೆರಳಿಗೆ ಅಂಟು ಮೆತ್ತಿಕೊಂಡಿರುತ್ತಿದ್ದ ಅವನನ್ನು ಎಲ್ಲರೂ ಗೋಂದಣ್ಣ ಅನ್ನುತ್ತಿದ್ದರು. ನಿವೃತ್ತಿಗೆ ಒಂದು ವರ್ಷ ಬಾಕಿ. ಕಳ್ಳ ಎಂದು ಹೊರಗೆ ಹಾಕಿದರೆ ಪಿಂಚಣಿಯೂ ಇಲ್ಲ, ಮುಖವೂ ಇಲ್ಲ.

"ಕಟ್ಟು ಖಾಲಿ ಅಂತ ಮೊದಲು ಹೇಳಿದ್ದು ಯಾರು?"

"ನಾನೇ ಸಾರ್. ಕದ್ದೋನು ತಾನೇ ಹೋಗಿ ಹೇಳ್ತಾನಾ?"

"ಜಾಣ ಕಳ್ಳ ಹೇಳ್ತಾನೆ. ಅದಕ್ಕೆ ಮೊದಲು ತೆರೆದು ನೋಡಿದ್ಯಾ?"

"ಒಂದ್ಸಲ. ಮೇಲಿಂದ ಮೇಲೆ. ಪೂರ್ತಿ ಓದಿರಲಿಲ್ಲ."

"ಬೇರೆ ಯಾರಿಗಾದ್ರೂ ತೋರಿಸಿದ್ಯಾ?"

ಗೋಂದಣ್ಣ ತನ್ನ ಬೆರಳಿನ ಒಣಗಿದ ಅಂಟನ್ನು ಕೆರೆಯತೊಡಗಿದ. "ಇಲ್ಲ" ಎಂದ. ಆ 'ಇಲ್ಲ' ಬರುವುದು ತಡವಾಯಿತು. ಇನ್‌ಸ್ಪೆಕ್ಟರು ಅದನ್ನು ಗಮನಿಸಿಕೊಂಡರು, ಒತ್ತಾಯ ಮಾಡಲಿಲ್ಲ. ಮರುದಿನ ಬಾ ಎಂದು ಕಳಿಸಿದರು. ಬಾಗಿಲಾಚೆ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಗಂಡನನ್ನು ಇವತ್ತೇ ಒಳಗೆ ಹಾಕುತ್ತಾರೆ ಎಂದುಕೊಂಡು ಬಂದಿದ್ದಳು ಪಾಪ.

ಗುರುವಾರ ಬೆಳಗ್ಗೆ ಅಕ್ಕನ ಹೇಳಿಕೆ. ದೊಡ್ಡಕ್ಕ ಎಂದೇ ಎಲ್ಲರೂ ಕರೆಯುವ ಅವರು ದೊಡ್ಡ ಮನೆಯ ಹಿಂಭಾಗದಲ್ಲಿ ಎರಡು ಕೋಣೆ ಇಟ್ಟುಕೊಂಡಿದ್ದರು. ಮದುವೆಯಾಗಿರಲಿಲ್ಲ. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಆ ಎರಡು ಕೋಣೆಗಳಲ್ಲಿ ಹುಡುಕಿದರೂ ಕಂದು ಬಣ್ಣ ಸಿಗುತ್ತಿರಲಿಲ್ಲ.

"ನಿಮ್ಮ ತಾಯಿಯ ಕೋಣೆ ಹೇಗಿತ್ತು?"

"ಹಳದಿ. ಬಿಳಿ ಹೂವು, ಉಗುರಿನಷ್ಟು ಸಣ್ಣದು. ಹೂವಿನ ಪಕ್ಕದಲ್ಲಿ ಒಂದೊಂದೇ ಎಲೆ, ಎಡಕ್ಕೆ ಬಾಗಿದ್ದು."

"ಇಷ್ಟು ವರ್ಷ ಆದ್ಮೇಲೂ ಎಲೆ ಯಾವ ಕಡೆ ಬಾಗಿತ್ತು ಅಂತ ನೆನಪಿದೆಯಾ?"

"ಕೆಲವು ನೆನಪಿರ್ತವೆ."

"ಗೋಂದಣ್ಣನ ಕೆಲಸ ಹೋಗಿದೆ, ಗೊತ್ತಾ?"

ಅವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. "ತಮ್ಮ ಹೇಳ್ಲಿಲ್ಲ. ರಜೆ ಹಾಕಿದಾನೆ ಅಂದ."

"ಕೇಸು ಅವನ ಮೇಲೇ ಇದೆ."

ದೊಡ್ಡಕ್ಕ ಏನೋ ಹೇಳಲು ಬಾಯಿ ತೆರೆದರು. ಕಿಟಕಿಯಾಚೆ ದೊಡ್ಡ ಮನೆಯ ಮಹಡಿ ಕಾಣುತ್ತಿತ್ತು. ಅತ್ತ ನೋಡಿ ಬಾಯಿ ಮುಚ್ಚಿಕೊಂಡರು. "ಪರದೆ ಎಂದು ಬರುತ್ತೆ ಅಂತ ಅಂಗಡಿಯವರು ಹೇಳಿದ್ರಾ?" ಎಂದಷ್ಟೇ ಕೇಳಿದರು.

ಪ್ರಶ್ನೆ ಇನ್‌ಸ್ಪೆಕ್ಟರಿಗೆ ವಿಚಿತ್ರವೆನಿಸಿತು. ಅವರು ಮಹಿಳಾ ಪೇದೆಯನ್ನೂ ಪಂಚರನ್ನೂ ಕರೆದುಕೊಂಡು ನೆಟ್ಟಗೆ ಅಂಗಡಿಗೇ ಹೋದರು.

ಪರದೆ ಅಂಗಡಿಯ ಯಜಮಾನ ಮಾತಿನ ಮಲ್ಲ. ಪೊಲೀಸರೆಂದರೂ ಬಿಡದೆ ಎರಡು ಬಗೆಯ ರೇಷ್ಮೆ ತೋರಿಸಿಬಿಟ್ಟ. ದೊಡ್ಡ ಮನೆಯ ಹಳದಿ ಪರದೆಗಳು ಹೊಲಿದು ಮುಗಿದು ಮೇಜಿನ ಮೇಲೆ ಮಡಿಸಿ ಕೂತಿದ್ದವು. ಬಿಳಿ ಹೂವು, ಪಕ್ಕದಲ್ಲಿ ಎಡಕ್ಕೆ ಬಾಗಿದ ಎಲೆ.

"ಇಷ್ಟು ಸರಿಯಾಗಿ ಹೇಗೆ ಅಚ್ಚು ಹಾಕಿಸಿದ್ರಿ? ಬಾಯಲ್ಲಿ ಹೇಳಿದ್ದನ್ನ ಕೇಳಿ?"

"ಎಲ್ಲಾದ್ರೂ ಉಂಟಾ ಸಾರ್! ದೊಡ್ಡಕ್ಕ ಹಳೇ ಪರದೆ ತುಂಡು ಕೊಟ್ಟಿದ್ರು. ಯಾವುದೋ ಪೆಟ್ಟಿಗೆ ತಳದಲ್ಲಿತ್ತಂತೆ. ಜೋಪಾನ, ವಾಪಸ್ ಬೇಕು ಅಂದ್ರು." ಅವನು ಡ್ರಾಯರ್ ಎಳೆದು, ಬಿಳಿ ಕಾಗದದಲ್ಲಿ ಸುತ್ತಿಟ್ಟ ತುಂಡನ್ನು ಮುಂದಿಟ್ಟ.

ಅಂಗೈಯಗಲದ ಬಟ್ಟೆ. ಹಳದಿ ಇನ್ನೂ ಹೊಸದರಂತಿತ್ತು. ಇನ್‌ಸ್ಪೆಕ್ಟರು ಅದನ್ನು ಮುಟ್ಟುವ ಮೊದಲೇ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ತಿಂಗಳಿಂದ ಊಟದ ಮೇಜಿನ ಮೇಲೆ ಅವರನ್ನು ಕಾಡುತ್ತಿದ್ದ ತುಂಡುಗಳ ಹಾಗೆಯೇ ಇದರ ಅಂಚು ಕೂಡ ನಾಲ್ಕೂ ಕಡೆ ಹಲ್ಲುಹಲ್ಲಾಗಿತ್ತು.

"ಈ ಹಲ್ಲು ಯಾಕೆ ಬರುತ್ತೆ?"

"ಅದಕ್ಕೇ ಅಂತ ಕತ್ತರಿ ಇದೆ ಸಾರ್. ನಮೂನೆ ಎಳೆ ಬಿಡಬಾರದು ಅಂತ ಹಾಗೆ ಕತ್ತರಿಸೋದು."

"ತೂಗಿದ ಪರದೆಯಿಂದ ಹರಿದ ತುಂಡಾದ್ರೆ?"

ಅಂಗಡಿಯವನು ತುಂಡನ್ನು ಒಮ್ಮೆ ನೋಡಿದ. ಅಂಚಿನ ಮೇಲೆ ಬೆರಳಾಡಿಸಿದ. "ಅರೆ, ಹೌದಲ್ಲ, ಇದು ಅಂಗಡಿ ನಮೂನೆ" ಎಂದ ಕೊನೆಗೆ. "ಅಷ್ಟು ವರ್ಷ ಬಿಸಿಲಿಗೆ ನೇತಾಡಿದ್ದು ಇಷ್ಟು ಬಣ್ಣ ಉಳಿಸ್ಕೊಳ್ಳೋದೂ ಇಲ್ಲ."

ತುಂಡನ್ನು ಬೆಳಕಿಗೆ ಹಿಡಿದಾಗ ನಡುವೆ ನಾಲ್ಕು ತೂತುಗಳು ಕಂಡವು. ಸುತ್ತ ತುಕ್ಕು. ಮಹಿಳಾ ಪೇದೆ ಚೀಲದಿಂದ ರಟ್ಟಿನ ಹೊದಿಕೆ ತೆಗೆದು ಮೇಜಿನ ಮೇಲೆ ಹಾಸಿದಳು. ಇನ್‌ಸ್ಪೆಕ್ಟರು ಅದರ ಮೇಲೆ ತುಂಡನ್ನು ಇಟ್ಟು ಮೆಲ್ಲಗೆ ತಿರುಗಿಸಿದರು. ನಾಲ್ಕು ತೂತುಗಳೂ ಸೂಜಿಗಳ ಅಚ್ಚಿನ ಮೇಲೆ, ತುಕ್ಕಿಗೆ ತುಕ್ಕು ಸೇರಿ ಕೂತವು. ಪಂಚರು ಬಗ್ಗಿ ನೋಡಿ ಸಹಿ ಹಾಕಿದರು.

ಗೋಂದಣ್ಣನನ್ನು ಮತ್ತೆ ಕೂರಿಸಿ, ಮುಂದೆ ತುಂಡನ್ನಿಟ್ಟರು. ಅವನ ಮುಖ ಸಪ್ಪಗಾಯಿತು.

"ದೊಡ್ಡಕ್ಕನಿಗೆ ತೋರಿಸಿದ್ದೆ ಸಾರ್. ಅವರಮ್ಮನ ಅಕ್ಷರ ಇತ್ತು ಅದರಲ್ಲಿ. ಪಾಪ, ಅವರ ಹತ್ರ ಅಮ್ಮಂದು ಒಂದು ಸಾಲೂ ಇಲ್ಲ ಅಂತ ಹೇಳ್ತಿದ್ರು. ಖುಷಿ ಆಗ್ತಾರೆ ಅಂತ ತಗೊಂಡು ಹೋದೆ. ವಾಪಸ್ ತಂದು ಬೀರುವಿನಲ್ಲೇ ಇಟ್ಟೆ."

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಕಾಗದ ಹೊರಗೆ ತಗೊಂಡು ಹೋಗಬಾರದು ಅಂತ ನಿಯಮ ಇದೆ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ."

"ಈಗ ಇದೆಯಾ ಕೆಲಸ?"

"ಇಲ್ಲ" ಎಂದ ಗೋಂದಣ್ಣ. ತಾನೇ ನಕ್ಕುಬಿಟ್ಟ, ಆಮೇಲೆ ಕಣ್ಣೊರೆಸಿಕೊಂಡ. "ಆದ್ರೂ ದೊಡ್ಡಕ್ಕ ಅಂಥವರಲ್ಲ ಸಾರ್."

ಶುಕ್ರವಾರ ಮಧ್ಯಾಹ್ನ ಇನ್‌ಸ್ಪೆಕ್ಟರು ಹಿಂಭಾಗದ ಮನೆಯ ಬಾಗಿಲು ತಟ್ಟಿದಾಗ ದೊಡ್ಡಕ್ಕ ಹೊರಗೆ ಹೊರಡುವವರಂತೆ ಚಪ್ಪಲಿ ಮೆಟ್ಟಿದ್ದರು.

"ನಾನೇ ಬರೋಳಿದ್ದೆ" ಎಂದರು. "ಪರದೆ ತೂಗಿದ ಮೇಲೆ ಬಂದು ಹೇಳೋಣ ಅಂತಿದ್ದೆ. ಆದ್ರೆ ನಿನ್ನೆ ನೀವು ಗೋಂದಣ್ಣನ ವಿಷಯ ಹೇಳಿದ್ರಿ ನೋಡಿ, ಇನ್ನು ತಡ ಮಾಡೋದು ಬೇಡ ಅನ್ನಿಸ್ತು."

"ಬೀಗದ ಕೈ?"

"ಗೋಂದಣ್ಣ ಕೋಟು ಮೊಳೆಗೆ ಹಾಕಿ ಟೀ ಕುಡಿಯೋಕೆ ಹೋಗ್ತಾನೆ. ಅದೂ ಕೋಟಿನ ಜೇಬಲ್ಲೇ ಇರುತ್ತೆ. ಈ ಮನೇಲಿ ಅದು ಯಾರಿಗೆ ಗೊತ್ತಿಲ್ಲ?"

"ಕಾಗದ ಎಲ್ಲಿ? ಸುಟ್ಟಿದ್ದೀರಾ?"

"ಅಮ್ಮನ ಅಕ್ಷರ ಸುಡೋಕಾಗುತ್ತಾ?" ಎಂದು ದೊಡ್ಡಕ್ಕ ಮೊದಲ ಬಾರಿಗೆ ಸಿಟ್ಟಾದರು. ಮಂಚದ ಪಕ್ಕದ ಹೊಲಿಗೆ ಪೆಟ್ಟಿಗೆ ತೆರೆದು, ದಾರದ ಉಂಡೆಗಳ ಕೆಳಗಿಂದ ಕಟ್ಟನ್ನು ತೆಗೆದು ಕೊಟ್ಟರು. ಒಂದು ಹಾಳೆಯೂ ಕಡಿಮೆಯಾಗಿರಲಿಲ್ಲ.

ಪಂಚರ ಎದುರು ಇನ್‌ಸ್ಪೆಕ್ಟರು ಒಂದೊಂದಾಗಿ ಬಿಡಿಸಿದರು. ಅಂಗಡಿಯವರು ಮನೆಗೆಲ್ಲ ಸೇರಿಸಿ ಕಳಿಸಿದ್ದ ಪ್ರಶ್ನೆಯ ಹಾಳೆಗಳೂ ಇದೇ ಕಟ್ಟಿನಲ್ಲಿದ್ದವು. ಹಜಾರಕ್ಕೆ ಯಾವ ಬಣ್ಣ? ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣ ದುಂಡಕ್ಷರ: ತಿಳಿ ಹಸಿರು. ಅದರ ಮೇಲೆ ಶಾಯಿಯ ಗೆರೆ: ಕಂದು. ಊಟದ ಕೋಣೆಗೆ? ಪೆನ್ಸಿಲಿನಲ್ಲಿ: ಬಿಳಿ ಆದೀತೇ? ಮೇಲೆ ಶಾಯಿ: ಕಂದು. ಮಲಗುವ ಕೋಣೆಗೂ ಹಾಗೆಯೇ. ಹಾಳೆಯಿಂದ ಹಾಳೆಗೆ ಪೆನ್ಸಿಲಿನ ಮಾತು ಚಿಕ್ಕದಾಗುತ್ತ ಬಂದಿತ್ತು. ಕೆಲವು ಕೋಣೆಗಳಿಗೆ ಅದು ಏನನ್ನೂ ಕೇಳಿರಲಿಲ್ಲ. ಕೊನೆಯ ಹಾಳೆ ಅಮ್ಮನದೇ ಕೋಣೆಯದು. ಹಳದಿ, ಬಿಳಿ ಹೂವಿನದು, ನಮೂನೆ ಚುಚ್ಚಿದ್ದೇನೆ ಎಂದು ಬರೆದು, ಕೆಳಗೆ ಮತ್ತೊಂದು ಸಾಲು ಸೇರಿಸಿದ್ದರು: ಈ ಒಂದು ಕೋಣೆ ಸಾಕು.

ಅದರ ಮೇಲೂ ಶಾಯಿ ಹರಿದಿತ್ತು. ಕಂದು. ಉಳಿದದ್ದಕ್ಕೆ ಹೊಂದಬೇಕು.

ಮಹಿಳಾ ಪೇದೆ ಓದಿ ಹಾಳೆಯನ್ನು ಪಕ್ಕದವರಿಗೆ ಕೊಟ್ಟಳು. ದಫೇದಾರ ಓದಿ, ಮೀಸೆ ತಿರುವಿ, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟ.

"ಅಂಗಡಿಯವರು ನಮೂನೆ ಪೆಟ್ಟಿಗೆ ತಂದ ದಿನ ನಂಗೆ ನೆನಪಿದೆ" ಎಂದರು ದೊಡ್ಡಕ್ಕ. "ಅಮ್ಮ ಹಳದಿ ತುಂಡನ್ನ ಕಿಟಕಿಗೆ ಹಿಡಿದು ನನ್ನನ್ನ ಕರೆದ್ಲು. 'ಹೇಗಿದೆ ಮಗಾ?' ಅಂದ್ಲು. ನಾನು ಚೆನ್ನಾಗಿದೆ ಅಂದೆ. ಪರದೆ ಬಂದಾಗ ಕಂದು. ಅಮ್ಮನೇ ಮನಸ್ಸು ಬದಲಾಯಿಸಿದ್ಲು, ನಾನು ಚೆನ್ನಾಗಿದೆ ಅಂದಿದ್ದು ಅವಳಿಗೆ ಹಿಡಿಸಲಿಲ್ಲ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಕಾಗದ ನೋಡಿದ ಮೇಲೆ ಗೊತ್ತಾಯ್ತು."

"ತಮ್ಮನಿಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಏನನ್ನೋನು? ಕಾಗದದಲ್ಲಿ ಕಂದು ಇದೆ, ಕಂದೇ ಹಾಕೋಣ ಅನ್ನೋನು. ಅವನದು ತಪ್ಪಲ್ಲ. ಕಾಗದ ಹಾಗೇ ಹೇಳುತ್ತೆ." ದೊಡ್ಡಕ್ಕ ಸೆರಗು ಸರಿಮಾಡಿಕೊಂಡರು. "ಕಾಗದ ಇಲ್ದಿದ್ರೆ ನನ್ನನ್ನ ಕೇಳ್ತಾರೆ ಅಂತ ಗೊತ್ತಿತ್ತು. ಅಮ್ಮನ್ನ ಯಾರೂ ಕೇಳ್ಲಿಲ್ಲ. ನನ್ನನ್ನಾದ್ರೂ ಕೇಳಲಿ ಅಂತ."

ಸೂರ್ಯ ಮುಳುಗುವ ಮೊದಲೇ ಮಹಿಳಾ ಪೇದೆಯ ಸಮ್ಮುಖದಲ್ಲಿ ಬಂಧನದ ಪತ್ರಕ್ಕೆ ಸಹಿಯಾಯಿತು. ದೊಡ್ಡಕ್ಕ ತಮ್ಮ ಹೇಳಿಕೆಯನ್ನು ಓದಿ, ಗೋಂದಣ್ಣನಿಗೆ ಇದರಲ್ಲಿ ಏನೂ ಪಾತ್ರವಿಲ್ಲ ಎಂಬ ಸಾಲನ್ನು ತಾವೇ ಬರೆದು ಸೇರಿಸಿದರು. ಅವನು ಸೋಮವಾರದಿಂದ ಕೆಲಸಕ್ಕೆ ಹೋದ.

ಕಾಗದ ಗುರುತಿಸಲು ಚಿಕ್ಕ ಯಜಮಾನರನ್ನು ಕರೆಸಿದ್ದರು. ಅವರು ಬಂದಾಗ ಮುಖ ಕೆಂಪಗಿತ್ತು. "ಸ್ವಂತ ಅಕ್ಕ! ಊರಿಗೆ ಹೇಗೆ ಮುಖ ತೋರಿಸ್ಲಿ?" ಎನ್ನುತ್ತಲೇ ಹಾಳೆ ಬಿಡಿಸಿದರು. ಶಾಯಿಯ ಮೇಲೆ ಬೆರಳಿಟ್ಟು "ಇದು ಅಪ್ಪನ ಅಕ್ಷರ" ಎಂದರು. ಬೆರಳು ಕೆಳಗಿನ ಪೆನ್ಸಿಲಿಗೆ ಬಂದು ನಿಂತಿತು. ಆ ಅಕ್ಷರವನ್ನು ಅವರು ಮೊದಲ ಬಾರಿ ನೋಡುತ್ತಿದ್ದರು. ಬಹಳ ಹೊತ್ತು ಓದಿದರು.

"ಅಪ್ಪ ಅಮ್ಮನಿಗೆ ಏನೂ ಕಡಿಮೆ ಮಾಡಿರಲಿಲ್ಲ" ಎಂದರು. ಯಾರೂ ಅಲ್ಲ ಎಂದಿರಲಿಲ್ಲ. ಸಹಿ ಹಾಕಿ ಎದ್ದರು. ಬಾಗಿಲ ಬಳಿ ತಿರುಗಿ, "ಆ ಹಳದಿ ಪರದೆ ಮನೆಗೆ ಕಳಿಸಬೇಡಿ. ದಾಖಲೆ ಏನು ಹೇಳುತ್ತೋ ಹಾಗೇ ಆಗ್ಬೇಕು" ಎಂದರು. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಹಿಡಿದದ್ದನ್ನು ಮಾತ್ರ ಬಿಡಲಿಲ್ಲ.

ಕದ್ದ ನಮೂನೆಯಿಂದ ಮಾಡಿಸಿದ ಪರದೆಯೂ ಸಾಕ್ಷ್ಯವೇ. ಹಾಗಾಗಿ ಅದನ್ನು ಜಪ್ತಿ ಪಟ್ಟಿಗೆ ಸೇರಿಸಿ ಠಾಣೆಗೆ ತಂದರು. ಅಮ್ಮನ ಕೋಣೆಗೆ ಕಂದು ಪರದೆ ಬಂತು. ಮನೆ ಹೇಳಿದ ದಿನವೇ ತೆರೆಯಿತು.

ದೊಡ್ಡಕ್ಕನ ಬಂಧನವಾದ ಶುಕ್ರವಾರ ರಾತ್ರಿ ಇನ್‌ಸ್ಪೆಕ್ಟರು ಊಟದ ಮೇಜಿನ ಮುಂದೆ ಕೂತು, ನಮೂನೆ ತುಂಡುಗಳನ್ನು ತಮ್ಮ ಕಡೆ ಎಳೆದುಕೊಂಡು, "ನಿಂಗೆ ಯಾವುದು ಇಷ್ಟ?" ಎಂದು ಕೇಳಿದರು. ಅವರ ಹೆಂಡತಿ ಮೊದಲು ಅವರ ಹಣೆ ಮುಟ್ಟಿ ಜ್ವರವಿದೆಯೇ ನೋಡಿದರು.

ನ್ಯಾಯಾಲಯ ದೊಡ್ಡಕ್ಕನಿಗೆ ಜಾಮೀನು ಕೊಟ್ಟಿತು, ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಹಾಕಬೇಕೆಂಬ ಷರತ್ತಿನೊಂದಿಗೆ. ಮೊದಲ ಸೋಮವಾರ ಅವರು ಬಂದಾಗ ಠಾಣೆಯ ಒಳಕೋಣೆಯ ಕಿಟಕಿಯಲ್ಲಿ ಹಳದಿ ಪರದೆ ತೂಗುತ್ತಿತ್ತು. ಜಪ್ತಿ ಮಾಡಿದ ವಸ್ತುಗಳನ್ನಿಡುವ ಕೋಣೆ ಅದು. ಪರದೆಯ ಮೂಲೆಯಲ್ಲಿ ಕೇಸಿನ ಸಂಖ್ಯೆಯ ಚೀಟಿ ನೇತಾಡುತ್ತಿತ್ತು.

"ಮಡಿಸಿಟ್ರೆ ಹುಳ ಹಿಡಿಯುತ್ತೆ ಸಾರ್. ಸಾಕ್ಷ್ಯ ಕೆಡದ ಹಾಗೆ ನೋಡ್ಕೋಬೇಕಲ್ವಾ?" ಎಂದಿದ್ದಳು ಮಹಿಳಾ ಪೇದೆ. ಮೊಳೆ ಹೊಡೆದವನು ದಫೇದಾರ. ಏಣಿಯ ಬಗ್ಗೆ ಒಂದು ಮಾತೂ ಆಡದೆ ಹತ್ತಿದ್ದ. ಇನ್‌ಸ್ಪೆಕ್ಟರು ನೋಡಿದರು, ತೆಗೆಸಲಿಲ್ಲ.

ದೊಡ್ಡಕ್ಕ ಸಹಿ ಹಾಕಿದರು. ಎದ್ದು ಹೋಗಲಿಲ್ಲ. ಕಿಟಕಿಗೆ ಎದುರಾಗಿ ಬೆಂಚಿನ ಮೇಲೆ ಕೂತರು. ಹತ್ತೂವರೆಯ ಬಿಸಿಲು ಬಟ್ಟೆಯೊಳಗಿಂದ ಬಂದು ನೆಲದ ಮೇಲೆ, ಹಳೆಯ ಕಡತಗಳ ಮೇಲೆ, ಯಾರದೋ ಕದ್ದ ಸೈಕಲ್ಲಿನ ಮೇಲೆ ಹಳದಿಯಾಗಿ ಬಿದ್ದಿತ್ತು. ಅವರು ನೋಡುತ್ತಲೇ ಇದ್ದರು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಈ ಕೇಸು ಎಷ್ಟು ದಿನ ನಡೆಯುತ್ತೆ?" ಎಂದು ಕೇಳಿದರು.

"ಇಂಥವು ಬೇಗ ಮುಗಿಯಲ್ಲಮ್ಮ. ವರ್ಷಗಟ್ಟಲೆ ಎಳೆಯುತ್ತೆ" ಎಂದರು ಇನ್‌ಸ್ಪೆಕ್ಟರು.

"ಎಳೀಲಿ" ಎಂದರು ದೊಡ್ಡಕ್ಕ.